ಉಪ್ಪು ಕೊಟ್ಟು ತಂದ ಮರಿ

ನಗರಗಳಲ್ಲಿ ಬೆಕ್ಕಿನ ಮರಿ ದತ್ತು ಕೊಡುವವರು ಈಗ ನೂರೆಂಟು ಪ್ರಶ್ನೆ ಕೇಳುತ್ತಾರೆ. ಬಾಲ್ಕನಿಗೆ ಬಲೆ ಕಟ್ಟಿಸಿದ್ದೀರಾ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರಾ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಲಸಿಕೆ ಯಾವಾಗ ಹಾಕಿಸುತ್ತೀರಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತೀರಾ ಎಂದೆಲ್ಲ ವಿಚಾರಿಸಿ, ಕೊನೆಗೊಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಇದನ್ನು ಕಂಡು ಗೊಣಗುವವರು ಬಹಳ. ಬೀದಿಯಲ್ಲಿ ಹುಟ್ಟಿದ ಮರಿಗೂ ಕರಾರುಪತ್ರವೇ, ನಮ್ಮ ಅಜ್ಜ ಅಜ್ಜಿಯರೇನು ಅರ್ಜಿ ಬರೆದು ಬೆಕ್ಕು ಸಾಕಿದರೇ ಎಂಬುದು ಅವರ ತಕರಾರು. ನಮ್ಮ ಅಜ್ಜ ಅಜ್ಜಿಯರು ಬರೆದಿರಲಿಕ್ಕಿಲ್ಲ, ನಿಜ. ಆದರೆ ಜಗತ್ತಿನ ಬೇರೆ ಕಡೆಯ ಅಜ್ಜ ಅಜ್ಜಿಯರು ಬರೆದಿದ್ದರು. ಕಾಗದವಷ್ಟೇ ಸಾಲದೆಂದು ಮುಹೂರ್ತ ನೋಡಿ, ಕಾಣಿಕೆ ಕೊಟ್ಟು, ದೇವತೆಗಳ ಸಾಕ್ಷಿ ಹಾಕಿಸಿ ಮರಿಯನ್ನು ಮನೆತುಂಬಿಸಿಕೊಂಡಿದ್ದರು. ಈ ಹಳೆಯ ವಿಧಿಗಳನ್ನು ಸಾವಧಾನವಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮರಿ ಹೊಸ ಮನೆಯಲ್ಲಿ ಉಳಿಯುವುದು, ಬೆಳೆಯುವುದು ತಂದವರ ಮನಸ್ಸಿನ ಮೃದುತ್ವಕ್ಕಿಂತ ಹೆಚ್ಚಾಗಿ ಕೊಟ್ಟವರಿಗೂ ತಂದವರಿಗೂ ನಡುವೆ ಹುಟ್ಟುವ ಋಣವನ್ನು ಅವಲಂಬಿಸಿದೆ. ಬಿಟ್ಟಿ ಸಿಕ್ಕ ಮರಿಗೆ ಕಾವಲು ಕಡಿಮೆ ಎನ್ನುವುದೇ ಈ ಲೇಖನದ ವಾದ.

ಚೀನಾದ ಸಾಂಗ್ ರಾಜವಂಶದ ಕಾಲವನ್ನು (960–1279) ತೆಗೆದುಕೊಳ್ಳೋಣ. ಅಲ್ಲಿ ಮರ್ಯಾದಸ್ಥರು ಬೆಕ್ಕಿನ ಮರಿಯನ್ನು ಸುಮ್ಮನೆ ಎತ್ತಿಕೊಂಡು ಬರುತ್ತಿರಲಿಲ್ಲ. ಹೆಣ್ಣು ಕೇಳುವಂತೆ ಕೇಳಿ, ತೆರ ಕೊಟ್ಟು ಕರೆತರುತ್ತಿದ್ದರು. ಕವಿ, ಲಿಪಿಕಾರ ಹುವಾಂಗ್ ಟಿಂಗ್‌ಜಿಯಾನ್ (1045–1105) ತನ್ನ ಮನೆಯ ಬೆಕ್ಕು ಸತ್ತು ಇಲಿಗಳ ಹಾವಳಿ ಮಿತಿಮೀರಿದಾಗ, ಇನ್ನೊಬ್ಬರ ಬೆಕ್ಕು ಮರಿ ಹಾಕಲಿದೆ ಎಂಬ ಸುದ್ದಿ ಕೇಳಿ ಮೀನು ಕೊಂಡು ವಿಲೋ ಮರದ ಕಡ್ಡಿಗೆ ಪೋಣಿಸಿಕೊಂಡು ಮರಿ ಕೇಳಲು ಹೊರಟದ್ದನ್ನು ಪದ್ಯವಾಗಿಸಿದ್ದಾನೆ. ಒಂದು ಶತಮಾನದ ಬಳಿಕ ಲು ಯೂ (1125–1210) ಎಂಬ ಕವಿ ಮೀನಿನ ಬದಲು ಉಪ್ಪಿನ ಪೊಟ್ಟಣ ಕೊಟ್ಟು ಮರಿ ತಂದ. ಅವನಿಗೆ ಕಾಪಾಡಬೇಕಾಗಿದ್ದುದು ಕಣಜದ ಕಾಳಲ್ಲ, ಮನೆ ತುಂಬ ಪೇರಿಸಿಟ್ಟಿದ್ದ ಪುಸ್ತಕಗಳು. ಉಪ್ಪು ಆ ಕಾಲದಲ್ಲಿ ಸರ್ಕಾರದ ಏಕಸ್ವಾಮ್ಯದ ಸರಕು. ತೆರಿಗೆಯ ಭಾರ ಹೊತ್ತ ಪದಾರ್ಥವಾದ್ದರಿಂದ ಒಂದು ಪೊಟ್ಟಣ ಉಪ್ಪು ಕೊಡುವುದು ತೀರಾ ಹಗುರವಾದ ಮಾತಾಗಿರಲಿಲ್ಲ. ಪದ್ಧತಿ ಸಾಂಗ್ ಕಾಲಕ್ಕೇ ಮುಗಿಯಲಿಲ್ಲ. 1852ರಲ್ಲಿ ಹುವಾಂಗ್ ಹಾನ್ ಎಂಬ ವಿದ್ವಾಂಸ ಬೆಕ್ಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿ ‘ಮಾವ್ ಯುವಾನ್’ ಎಂಬ ಸಂಗ್ರಹ ಮಾಡಿದಾಗ ಊರೂರಿನ ತೆರವನ್ನೂ ದಾಖಲಿಸಿದ. ವೆನ್‌ಝೌನವರು ಉಪ್ಪಿನ ಜೊತೆಗೆ ವಿನೆಗರ್ ಕೊಡುತ್ತಾರೆ, ಚಾವ್‌ಝೌನವರು ಸಕ್ಕರೆಯ ಪೊಟ್ಟಣ, ಶಾವ್‌ಶಿಂಗ್‌ನವರು ನಾರು. ಯಾವುದೂ ಮರಿಯ ಬೆಲೆಗೆ ಸಮವಲ್ಲ, ಸಮವಾಗಬೇಕೆಂದು ಯಾರೂ ಬಯಸಿರಲೂ ಇಲ್ಲ. ಆದರೆ ಉಪ್ಪು ಪಡೆದ ಮನೆಗೆ ನಾಳೆ ‘ನಮ್ಮ ಮರಿ ಹೇಗಿದೆ’ ಎಂದು ಕೇಳುವ ಹಕ್ಕು ಬರುತ್ತದೆ, ಕೊಟ್ಟ ಮನೆಗೆ ಉತ್ತರ ಹೇಳುವ ಹೊಣೆ ಬರುತ್ತದೆ. ಉಪ್ಪಿನ ಋಣದ ಮಾತು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಂದದ್ದು ಹೇಗೆ ಎನ್ನುವುದು ಇನ್ನೂ ಸ್ವಾರಸ್ಯ. ಚೀನೀ ಪಂಚಾಂಗಗಳಲ್ಲಿ ಮದುವೆಗೆ, ಗೃಹಪ್ರವೇಶಕ್ಕೆ ಇದ್ದಂತೆ ಬೆಕ್ಕು ತರುವುದಕ್ಕೂ ಒಳ್ಳೆಯ ದಿನಗಳ ಪಟ್ಟಿ ಇರುತ್ತಿತ್ತು. ಅಂಥದೊಂದು ಪುಸ್ತಕದಿಂದ ಹುವಾಂಗ್ ಹಾನ್ ಎತ್ತಿಕೊಟ್ಟಿರುವ ವಿಧಿ ಹೀಗಿದೆ. ಮರಿ ತರಲು ಹೋಗುವಾಗ ಕಾಳು ಅಳೆಯುವ ಕೊಳಗವನ್ನೋ ಮರದ ಬಕೆಟ್ಟನ್ನೋ ಒಯ್ಯಬೇಕು. ಮರಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಅದರೊಳಗೆ ಇಳಿಸಬೇಕು. ಮರಿ ಹುಟ್ಟಿದ ಮನೆಯಿಂದ ಊಟದ ಕಡ್ಡಿಯೊಂದನ್ನು ಕೇಳಿ ಪಡೆದು, ಅದನ್ನೂ ಮರಿಯ ಪಕ್ಕದಲ್ಲೇ ಇಡಬೇಕು. ದಾರಿಯಲ್ಲಿ ಚರಂಡಿಯೋ ಕಂದಕವೋ ಅಡ್ಡ ಬಂದರೆ ಕಲ್ಲು ತುಂಬಿ ದಾಟಬೇಕು, ಶುಭವಾದ ದಿಕ್ಕಿನಿಂದ ಮನೆ ಹೊಗಬೇಕು. ಒಳಗೆ ಬಂದ ಮೇಲೆ ಮರಿಯಿಂದ ನಡುಮನೆಗೆ, ಒಲೆಗೆ, ಆಮೇಲೆ ಮನೆಯ ನಾಯಿಗೆ ನಮಸ್ಕಾರ ಮಾಡಿಸಬೇಕು. ಜೊತೆಗೆ ತಂದ ಕಡ್ಡಿಯನ್ನು ಮಣ್ಣಿನ ಗುಡ್ಡೆಯೊಂದರಲ್ಲಿ ಅಡ್ಡವಾಗಿ ಸಿಕ್ಕಿಸಬೇಕು. ಹಾಗೆ ಮಾಡಿದರೆ ಮರಿ ಮನೆಯೊಳಗೆ ಹೇಸಿಗೆ ಮಾಡುವುದಿಲ್ಲ. ಕೊನೆಗೆ ಅದನ್ನು ಹಾಸಿಗೆಯ ಮೇಲೆ ಮಲಗಲು ಬಿಡಬೇಕು, ಬಿಟ್ಟರೆ ಓಡಿಹೋಗುವುದಿಲ್ಲ. ನಾಯಿಗೂ ಬಾಗಿ ನಮಸ್ಕರಿಸುವ ಮರಿಯ ಚಿತ್ರ ನಗು ತರಿಸುತ್ತದೆ, ತರಿಸಲಿ. ಆದರೆ ನಗುತ್ತಲೇ ಒಂದೊಂದನ್ನೂ ಪರೀಕ್ಷಿಸುವುದು ಒಳ್ಳೆಯದು.

ಮೂಢನಂಬಿಕೆಯೊಳಗೆ ವಿಜ್ಞಾನ ಹುಡುಕುವ ಚಪಲ ನಮ್ಮಲ್ಲಿ ವಿಪರೀತವಾಗಿದೆ, ಇದೂ ಅದರ ಸಾಲಿಗೇ ಸೇರಿತಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಏಳಬೇಕು. ಶುಭ ದಿಕ್ಕಿನಿಂದಾಗಲೀ ಚರಂಡಿಗೆ ತುಂಬಿದ ಕಲ್ಲಿನಿಂದಾಗಲೀ ಮರಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಪಂಚಾಂಗ ಬರೆದವನಿಗೆ ಬೆಕ್ಕಿನ ಮನಶ್ಶಾಸ್ತ್ರ ತಿಳಿದಿತ್ತೆಂದು ಹೇಳುವುದೂ ಸುಳ್ಳಾದೀತು. ಆದರೆ ಉಳಿದವು? ಹೆದರಿದ ಮರಿಯನ್ನು ತೋಳಲ್ಲಿ ಎತ್ತಿಕೊಂಡು ಹೊರಟರೆ ಅದು ಪರಚಿ ಜಿಗಿದು ಕಳೆದುಹೋಗುತ್ತದೆ. ಕತ್ತಲಾದ, ಇಕ್ಕಟ್ಟಾದ, ಮುಚ್ಚಿದ ಜಾಗದಲ್ಲಿ ಅದು ಸುಮ್ಮನಿರುತ್ತದೆ. ಇಂದು ಪಶುವೈದ್ಯರು ಮರಿಯನ್ನು ಮುಚ್ಚಳವಿರುವ ಬುಟ್ಟಿಯಲ್ಲೇ ಒಯ್ಯಿರಿ ಎನ್ನುವುದು ಈ ಕಾರಣಕ್ಕೇ. ಬೆಕ್ಕು ಜಗತ್ತನ್ನು ಅರಿಯುವುದರಲ್ಲಿ ಮೂಗಿನ ಪಾಲು ದೊಡ್ಡದು. ಹುಟ್ಟಿದ ಮನೆಯ ವಾಸನೆ ಹತ್ತಿದ ವಸ್ತುವೊಂದು ಹೊಸ ಜಾಗದಲ್ಲಿ ಪಕ್ಕದಲ್ಲಿದ್ದರೆ ಮರಿಯ ದಿಗಿಲು ಇಳಿಯುತ್ತದೆ. ತಾಯಿ ಮಲಗಿದ್ದ ಬಟ್ಟೆಯ ತುಂಡು ತನ್ನಿ ಎಂದು ಈಗ ಹೇಳುತ್ತಾರೆ, ಅಂದಿನವರು ಊಟದ ಕಡ್ಡಿ ತರುತ್ತಿದ್ದರು. ಕಡ್ಡಿಗಿಂತ ಬಟ್ಟೆ ಮೇಲು ಎನ್ನುವುದರಲ್ಲಿ ಅನುಮಾನವಿಲ್ಲ. ಇನ್ನು ಮಣ್ಣಿನ ಗುಡ್ಡೆ. ಸಡಿಲ ಮಣ್ಣು ಕಂಡಲ್ಲಿ ಕೆದರಿ, ಮುಗಿಸಿ, ಮುಚ್ಚುವುದು ಬೆಕ್ಕಿಗೆ ಹುಟ್ಟುಗುಣ. ಬಂದ ದಿನವೇ ಮರಿಗೆ ಆ ಗುಡ್ಡೆಯನ್ನು ತೋರಿಸಿದ್ದೇ ಕೆಲಸ ಮಾಡಿತು, ಕಡ್ಡಿ ಅಡ್ಡ ನಿಂತಿತ್ತೋ ನೆಟ್ಟಗೆ ನಿಂತಿತ್ತೋ ಮುಖ್ಯವಲ್ಲ. ಹಾಸಿಗೆಯ ಮೇಲೆ ಮಲಗಿಸುವುದಂತೂ ಇಡೀ ವಿಧಿಯಲ್ಲೇ ಜಾಣತನದ್ದು. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ನಡೆಸಿದ ಪ್ರಯೋಗಗಳು ಮರಿ ಮನುಷ್ಯರನ್ನು ನಂಬಲು ಕಲಿಯುವುದು ಮುಖ್ಯವಾಗಿ 2ರಿಂದ 7 ವಾರಗಳ ನಡುವೆ, ಕೈಗಳಲ್ಲಿ ಆಡಿಕೊಂಡಷ್ಟೂ ಅದರ ಸ್ನೇಹ ಹೆಚ್ಚು ಎಂದು ತೋರಿಸಿದವು. ಹಾಗೆಂದು 7 ವಾರದೊಳಗೇ ತಾಯಿಯಿಂದ ಕಿತ್ತು ತರಬಾರದು. ಕನಿಷ್ಠ 8 ವಾರ ತಾಯಿಯ ಬಳಿ ಇರಬೇಕು, ಆ ಅವಧಿಯಲ್ಲಿ ಅದನ್ನು ಎತ್ತಿ ಆಡಿಸುವ ಕೆಲಸ ಹುಟ್ಟಿದ ಮನೆಯವರದು. ಮರಿ ಕೊಡುವ ಮನೆಯೊಂದು ಇರಲೇಬೇಕು ಎನ್ನುವುದು ಇಲ್ಲಿಯೂ ಖಾತ್ರಿಯಾಗುತ್ತದೆ.

ಈಗ ಕರಾರುಪತ್ರಕ್ಕೆ ಬರೋಣ. ಯುವಾನ್ ರಾಜವಂಶದ ಕಾಲದ (1271–1368) ಪಂಚಾಂಗ ಮಾದರಿಯ ಪುಸ್ತಕವೊಂದರಲ್ಲಿ ಬೆಕ್ಕಿನ ಕ್ರಯಪತ್ರದ ನಮೂನೆಯೇ ಅಚ್ಚಾಗಿದೆ. ನಡುವೆ ಬೆಕ್ಕಿನ ಚಿತ್ರ, ಸುತ್ತ ಬರಹ. ಹೆಸರು, ಬೆಲೆ, ತಾರೀಕಿನ ಜಾಗ ಖಾಲಿ. ಮಾರುವವನು ತುಂಬಿಕೊಂಡರೆ ಸರಿ. ಒಕ್ಕಣೆಯ ಸಾರಾಂಶ ಇಷ್ಟು: ಈ ಬೆಕ್ಕಿನ ಮೂಲ ಪಶ್ಚಿಮದ ಬುದ್ಧರ ಸನ್ನಿಧಿ, ಧರ್ಮಗ್ರಂಥಗಳನ್ನು ಕಾಯಲೆಂದು ತ್ರಿಪಿಟಕಾಚಾರ್ಯರು ತಂದದ್ದು, ಇದು ಇನ್ನು ಮುಂದೆ ಕಣಜವನ್ನು ಬಿಡದೆ ಸುತ್ತತಕ್ಕದ್ದು, ಮನೆಯ ಕೋಳಿ ಕುರಿಗಳಿಗೆ ಕೇಡು ಮಾಡತಕ್ಕದ್ದಲ್ಲ, ಆಹಾರ ಕದಿಯತಕ್ಕದ್ದಲ್ಲ, ಮನೆ ಬಿಟ್ಟು ಅತ್ತಿತ್ತ ಅಲೆಯತಕ್ಕದ್ದಲ್ಲ, ತಪ್ಪಿದರೆ ನಡುಮನೆಯಲ್ಲಿ ಛಡಿಯೇಟು. ಸಾಕ್ಷಿ ಹಾಕಿದವರು ಪೂರ್ವದ ರಾಜಪಿತ ಮತ್ತು ಪಶ್ಚಿಮದ ರಾಜಮಾತೆ ಎಂಬ ದೇವತೆಗಳು. ಇದೇ ಜೋಡಿ ಚೀನಾದಲ್ಲಿ ಗೋರಿಯ ನೆಲ ಕೊಳ್ಳುವ ಪತ್ರಗಳಿಗೂ ಸಾಕ್ಷಿ ನಿಲ್ಲುತ್ತಿತ್ತು. ಅಂದರೆ ಬೆಕ್ಕಿನ ಪತ್ರ ಬರೆದವನು ಗಂಭೀರವಾದ ದಸ್ತಾವೇಜಿನ ಅಚ್ಚನ್ನೇ ಎರವಲು ತಂದಿದ್ದ. ಇಲ್ಲಿ ಹೇಳಿರುವ ಆಚಾರ್ಯ ನಮ್ಮ ಪಠ್ಯಪುಸ್ತಕಗಳ ಹ್ಯೂಯೆನ್‌ತ್ಸಾಂಗ್, ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟವನು. ಅವನು 645ರಲ್ಲಿ ಚೀನಾಕ್ಕೆ ಹಿಂದಿರುಗಿದಾಗ ನೂರಾರು ಗ್ರಂಥಗಳ ಹೊರೆಯಿತ್ತು, ಬೆಕ್ಕಿತ್ತು ಎನ್ನಲು ಆಧಾರವಿಲ್ಲ. ಆದರೂ ಐತಿಹ್ಯ ಕಾಲವನ್ನು ತೀರ ತಪ್ಪಿಲ್ಲ. ಚೀನಾದ ಚುವಾನ್‌ಹುಸುನ್ ಎಂಬಲ್ಲಿ ಸಿಕ್ಕ ಸುಮಾರು 5300 ವರ್ಷ ಹಿಂದಿನ ಬೆಕ್ಕಿನ ಮೂಳೆಗಳು ನಮ್ಮ ಮನೆಬೆಕ್ಕಿನವಲ್ಲ, ಪಶ್ಚಿಮ ಘಟ್ಟಗಳಲ್ಲೂ ಇರುವ ಚಿರತೆಬೆಕ್ಕಿನವು ಎಂದು ಗೊತ್ತಾಗಿದೆ. ಅದು ಊರಂಚಿನಲ್ಲಿ ಇಲಿ ಹಿಡಿದುಕೊಂಡಿತ್ತು, ಮನೆಯ ಪ್ರಾಣಿ ಆಗಲಿಲ್ಲ. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕಿನ ವಂಶದ ಮನೆಬೆಕ್ಕು ಚೀನಾ ತಲುಪಿದ್ದು ರೇಷ್ಮೆ ಮಾರ್ಗದ ವ್ಯಾಪಾರಿಗಳೊಡನೆ, ಸರಿಸುಮಾರು ಹ್ಯೂಯೆನ್‌ತ್ಸಾಂಗನ ಟಾಂಗ್ ಕಾಲದಲ್ಲೇ ಎಂಬ ಕಡೆಗೆ ಇತ್ತೀಚಿನ ಡಿಎನ್ಎ ಅಧ್ಯಯನಗಳು ವಾಲಿವೆ. ದೂರದಿಂದ ಬಂದ ಅತಿಥಿ ಎಂಬ ನೆನಪು ಕರಾರಿನಲ್ಲಿ ಉಳಿದಿರಬಹುದು.

ಕರಾರನ್ನು ಓದಿದ ಯಾರಿಗಾದರೂ ಒಂದು ತಕರಾರು ಹೊಳೆಯಲೇಬೇಕು: ಷರತ್ತುಗಳೆಲ್ಲ ಬೆಕ್ಕಿಗೆ, ಆಶೀರ್ವಾದವೆಲ್ಲ ಕೊಂಡವನಿಗೆ. ಕೊಂಡವನು ಅನ್ನ ಹಾಕತಕ್ಕದ್ದು ಎಂಬ ಒಂದು ಸಾಲೂ ಇಲ್ಲ. ಓದಲಾರದ ಪ್ರಾಣಿಗೆ ಛಡಿಯೇಟಿನ ನೋಟೀಸು ಕೊಟ್ಟ ಪತ್ರವನ್ನು ದತ್ತುಪತ್ರದ ಪೂರ್ವಜ ಎನ್ನುವುದು ಹೇಗೆ? ಈ ಪತ್ರವೊಂದನ್ನೇ ಹಿಡಿದರೆ ನನ್ನ ವಾದ ನಿಲ್ಲುವುದಿಲ್ಲ ಎಂದು ಒಪ್ಪಬೇಕು. ಮನುಷ್ಯನ ಕರ್ತವ್ಯ ಅಲ್ಲಿ ಪತ್ರದಲ್ಲಿಲ್ಲ, ತೆರದಲ್ಲಿದೆ, ತರುವ ವಿಧಿಯಲ್ಲಿದೆ. ಅದನ್ನು ಕಾನೂನಿನ ಮಾತಿನಲ್ಲೇ ಬರೆದವರನ್ನು ನೋಡಬೇಕಾದರೆ ವೇಲ್ಸ್‌ಗೆ ಹೋಗಬೇಕು. 10ನೇ ಶತಮಾನದ ರಾಜ ಹೌವೆಲ್ ದಾನ ಹೆಸರಿನಲ್ಲಿ ನಡೆದುಬಂದ, 13ನೇ ಶತಮಾನದಿಂದೀಚಿನ ಹಸ್ತಪ್ರತಿಗಳಲ್ಲಿ ಉಳಿದಿರುವ ಕಾನೂನುಗಳು ಮರಿಯ ಬೆಲೆಯನ್ನು ವಯಸ್ಸಿಗೆ ತಕ್ಕಂತೆ ಕಟ್ಟುತ್ತವೆ. ಕಣ್ಣು ಬಿಡುವ ತನಕ ಒಂದು ಪೆನ್ನಿ, ಇಲಿ ಹಿಡಿಯುವ ತನಕ ಎರಡು, ಹಿಡಿದ ಮೇಲೆ ನಾಲ್ಕು. ಮಾರುವವನು ಬೆಕ್ಕಿನ ಕಣ್ಣು, ಕಿವಿ, ಉಗುರು ನೆಟ್ಟಗಿವೆ, ಅದು ಇಲಿ ಹಿಡಿಯುತ್ತದೆ, ಹೆತ್ತ ಮರಿಗಳನ್ನು ತಿನ್ನುವುದಿಲ್ಲ ಎಂದು ಖಾತರಿ ಕೊಡಬೇಕು. ಇದರಲ್ಲೊಂದು ಸುಳ್ಳಾದರೆ ಬೆಲೆಯ ಮೂರನೆಯ ಒಂದು ಪಾಲು ವಾಪಸು. ರಾಜನ ಕಣಜದ ಬೆಕ್ಕನ್ನು ಕೊಂದವನಿಗೆ ದಂಡದ ಲೆಕ್ಕ ಬೇರೆಯೇ ಇತ್ತು. ಸತ್ತ ಬೆಕ್ಕನ್ನು ಬಾಲ ಹಿಡಿದು, ತಲೆ ನೆಲಕ್ಕೆ ತಾಗುವಂತೆ ನೇತುಹಾಕಿ, ಬಾಲದ ತುದಿ ಮುಚ್ಚುವ ತನಕ ಕಾಳು ಸುರಿಯಬೇಕು. ಆ ರಾಶಿಯೇ ದಂಡ. ಎಂಥ ನಿಖರತೆ! ಆ ಬೆಕ್ಕು ಬದುಕಿದ್ದರೆ ಇಲಿಯ ಬಾಯಿಂದ ಉಳಿಸಬಹುದಾಗಿದ್ದ ಕಾಳಿನ ಅಂದಾಜನ್ನು ಅದರ ದೇಹದಿಂದಲೇ ಅಳೆದಂತಾಯಿತು. ಚೀನಾದ ಪತ್ರ ಬೆಕ್ಕನ್ನು ಕಟ್ಟಿಹಾಕಿದರೆ ವೇಲ್ಸ್‌ನ ಕಾನೂನು ಮಾರುವವನನ್ನೂ ಕೊಲ್ಲುವವನನ್ನೂ ಕಟ್ಟಿಹಾಕಿತು. ಇಂದಿನ ದತ್ತುಹಾಳೆ ಕಟ್ಟಿಹಾಕುವುದು ಮನೆಗೆ ಒಯ್ಯುವವನನ್ನು. ಬರೆದಿಡುವ ಅಭ್ಯಾಸ ಅದೇ, ಹೊಣೆ ಮಾತ್ರ ಇರಬೇಕಾದ ಕಡೆಗೆ ಸರಿದಿದೆ.

ಇವೆಲ್ಲ ಇಲಿ ಹಿಡಿಯುವ ಆಳಿನ ಲೆಕ್ಕ, ಬೆಕ್ಕಿನೊಡನೆ ಬಾಳುವ ಸಂತೋಷಕ್ಕೂ ಇದಕ್ಕೂ ಏನು ಸಂಬಂಧ ಎಂದು ಇನ್ನೊಬ್ಬರು ಕೇಳಬಹುದು. ಉತ್ತರಕ್ಕೆ ಮತ್ತೆ ಲು ಯೂನ ಮನೆಗೇ ಹೋಗಬೇಕು. ಪುಸ್ತಕ ಕಾಯಲೆಂದು ಉಪ್ಪು ಕೊಟ್ಟು ಬೆಕ್ಕು ತಂದ ಈ ಮನುಷ್ಯ ಮೊದಮೊದಲು ಅದರ ಪರಾಕ್ರಮ ಹೊಗಳಿದ, ತಾನು ಬಡವ, ತಕ್ಕಂತೆ ಮೀನೂ ಮೆತ್ತನೆ ಹಾಸೂ ಕೊಡಲಾಗುತ್ತಿಲ್ಲವಲ್ಲ ಎಂದು ನಾಚಿಕೊಂಡ. ಕರಾರಿನಲ್ಲಿ ಕಾಣದ ಯಜಮಾನನ ಕರ್ತವ್ಯ ಇಲ್ಲಿ ಲಜ್ಜೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಬರಬರುತ್ತ ಬೆಕ್ಕು ಜಮಖಾನೆಯ ಮೇಲೆ ಜಾಗ ಹಿಡಿಯಿತು, ತಿಂದು ಮಲಗಿತು. ಕವಿ ಗೇಲಿ ಮಾಡುತ್ತ ಬರೆಯುವುದನ್ನು ಬಿಡಲಿಲ್ಲ, ಸಾಕುವುದನ್ನೂ ಬಿಡಲಿಲ್ಲ. 1192ರ ಚಳಿಗಾಲದಲ್ಲಿ, ಗಾಳಿಮಳೆ ಅಬ್ಬರಿಸಿದ ದಿನ, ಅವನು ಒಂದೇ ಶೀರ್ಷಿಕೆಯಡಿ ಎರಡು ಪದ್ಯ ಬರೆದ. ಎರಡನೆಯದು ಕಳೆದುಹೋದ ಉತ್ತರದ ನಾಡಿಗಾಗಿ ಹೋರಾಡುವ ಕನಸಿನದು, ಚೀನಾದ ಶಾಲಾಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಮೊದಲನೆಯದರಲ್ಲಿ ಅದೇ ದೇಶಭಕ್ತ ಬೆಂಕಿಯ ಪಕ್ಕದಲ್ಲಿ ಬೆಕ್ಕಿನ ಜೊತೆ ಕುಳಿತು ಹೊರಗೆ ಹೋಗಲು ಒಲ್ಲೆ ಎನ್ನುತ್ತಾನೆ. ಇಲಿಯಿಂದ ಶುರುವಾದ ಲೆಕ್ಕಾಚಾರ ಸಹವಾಸದಲ್ಲಿ ಕೊನೆಗೊಂಡಿತು. ರಾಜಧಾನಿ ಹಾಂಗ್‌ಝೌ ಅಷ್ಟು ಹೊತ್ತಿಗೆ ಇನ್ನೂ ಮುಂದೆ ಹೋಗಿತ್ತು. ಅಲ್ಲಿನ ಶ್ರೀಮಂತರು ಉದ್ದ ಕೂದಲಿನ, ಇಲಿ ಹಿಡಿಯದ ‘ಸಿಂಹಬೆಕ್ಕು’ಗಳನ್ನು ಅಂದಕ್ಕಾಗಿಯೇ ಸಾಕುತ್ತಿದ್ದರು, ಬೀದಿಯ ಸಣ್ಣ ಕಸುಬುಗಳ ಪಟ್ಟಿಯಲ್ಲಿ ಬೆಕ್ಕಿಗೆ ಮೀನು ಮಾರುವವರೂ ಬೆಕ್ಕಿನ ಗೂಡು ಮಾರುವವರೂ ಇದ್ದರು. ಲು ಯೂ ತನ್ನ ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸಿದ ಪ್ರಸಂಗವೊಂದಿದೆ. ಪ್ರಬಲ ಮಂತ್ರಿ ಚಿನ್ ಹುಯಿಯ ಮೊಮ್ಮಗಳ ಸಿಂಹಬೆಕ್ಕು ಕಾಣೆಯಾಯಿತು. ಗಡುವು ಕೊಟ್ಟು ಹುಡುಕಲು ನಗರಾಡಳಿತಕ್ಕೆ ಆಜ್ಞೆ ಹೋಯಿತು. ಸಿಗದಾಗ ನೆರೆಹೊರೆಯವರನ್ನು ಹಿಡಿದು ಕೂಡಿಹಾಕಿದರು, ಸೇನಾಧಿಕಾರಿಗಳು ಕಾಲ್ನಡಿಗೆಯಲ್ಲಿ ಬೆಕ್ಕು ಹುಡುಕುತ್ತ ಅಲೆದರು, ಊರಿನ ಸಿಂಹಬೆಕ್ಕುಗಳನ್ನೆಲ್ಲ ಹಿಡಿದು ತಂದರು, ಯಾವುದೂ ಅದಲ್ಲ. ಆಮೇಲೆ ಮನೆಯ ಹಳೆಯ ಸೇವಕನಿಗೆ ಲಂಚ ಕೊಟ್ಟು ಬೆಕ್ಕಿನ ಚಹರೆ ಕೇಳಿ, ನೂರು ಚಿತ್ರ ಬರೆಸಿ ಚಹಾ ಅಂಗಡಿಗಳಲ್ಲಿ ತೂಗುಹಾಕಿದರು. ಇಷ್ಟಾದರೂ ಬೆಕ್ಕು ಸಿಗಲಿಲ್ಲ. ಬೆಕ್ಕಿನ ಮೇಲಿನ ಪ್ರೀತಿ ಆ ಕಾಲಕ್ಕೇ ಎಷ್ಟು ಬೆಳೆದಿತ್ತು ಎಂಬುದಕ್ಕೆ ಇದು ಸಾಕ್ಷಿ. ಪ್ರೀತಿಯೊಂದೇ ಇದ್ದು ನೆರೆಹೊರೆಯ ವಿಶ್ವಾಸವಿಲ್ಲದಿದ್ದರೆ ಕಳೆದುಹೋದ ಬೆಕ್ಕನ್ನು ಅಧಿಕಾರವೂ ಮರಳಿಸದು ಎಂಬುದಕ್ಕೂ ಸಾಕ್ಷಿ.

ನಮ್ಮ ನಾಡಿನ ದಾರಿ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರ ಇಲಿಗಳ ಪಿಡುಗು ಬಂದಾಗ ಬೆಕ್ಕು ಮತ್ತು ಮುಂಗುಸಿಗಳನ್ನು ಊರಲ್ಲಿ ಬಿಡಿ ಎನ್ನುತ್ತದೆ. ಅವನ್ನು ಹಿಡಿದವನಿಗೆ, ಹಿಂಸಿಸಿದವನಿಗೆ 12 ಪಣ ದಂಡ, ನಾಯಿಯನ್ನು ಹತೋಟಿಯಲ್ಲಿಡದವನಿಗೂ ಅಷ್ಟೇ. ಇಲ್ಲಿ ಬೆಕ್ಕಿಗೆ ಯಜಮಾನನಿಲ್ಲ, ರಕ್ಷಣೆ ಮಾತ್ರ ಇದೆ. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಬೆಕ್ಕು ಇರುವ ರೀತಿ ಹೆಚ್ಚುಕಡಿಮೆ ಇದೇ. ತಾಯಿಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತುತ್ತದೆ ಎನ್ನುತ್ತಾರೆ. ಯಾವ ಅಟ್ಟದಲ್ಲಿ ಇಳಿಸಿತೋ ಅದೇ ಅದರ ಮನೆ, ಒಂದಿಷ್ಟು ಹಾಲನ್ನ ಹಾಕಿದರೆ ಮುಗಿಯಿತು. ಬೆಕ್ಕೇ ಮನೆ ಆರಿಸಿಕೊಳ್ಳುವಾಗ ಉಪ್ಪು, ಕಾಗದ, ಸಹಿಯ ಮಾತೇಕೆ ಎಂಬ ವಾದಕ್ಕೆ ಇದು ಗಟ್ಟಿಯಾದ ಆಧಾರ. ಅಟ್ಟ, ಹಿತ್ತಲು, ಕಣಜ ಇದ್ದಲ್ಲಿ ಈ ಸ್ವಾತಂತ್ರ್ಯ ನಡೆದುಬಂದಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅದೇ ಪದ್ಧತಿಯ ಇನ್ನೊಂದು ಮುಖವೂ ನಮಗೆ ಗೊತ್ತು. ಮರಿಗಳು ಜಾಸ್ತಿಯಾದಾಗ ಗೋಣಿಚೀಲಕ್ಕೆ ತುಂಬಿ ಸಂತೆಮಾಳದಲ್ಲೋ ಊರಾಚೆಯ ಸೇತುವೆಯ ಬಳಿಯೋ ಬಿಟ್ಟು ಬಂದರೆ ಕೇಳುವವರಿಲ್ಲ, ಏಕೆಂದರೆ ಅವು ಯಾರ ಮರಿಗಳೂ ಅಲ್ಲ. ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಂತೂ ಮನೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಬೆಕ್ಕಿಗೆ ಇಲ್ಲವೇ ಇಲ್ಲ. ಬಾಗಿಲು ನಮ್ಮ ಕೈಯಲ್ಲಿ, ಕಿಟಕಿ ನಮ್ಮ ಕೈಯಲ್ಲಿ. ಆಗ ಕೌಟಿಲ್ಯನ ದಂಡ ಸಾಲದು. ನಮ್ಮವರಿಗೂ ಇದು ತಿಳಿಯದ್ದಲ್ಲ ಎಂಬುದಕ್ಕೆ ಒಂದು ಕಥೆಯಿದೆ, ಚರಿತ್ರೆಯಲ್ಲ ಎಂಬ ಎಚ್ಚರದಲ್ಲೇ ಹೇಳುತ್ತೇನೆ: ತೆನಾಲಿ ರಾಮಕೃಷ್ಣನ ಬೆಕ್ಕು. ವಿಜಯನಗರದಲ್ಲಿ ಇಲಿಗಳು ಹೆಚ್ಚಾದಾಗ ಕೃಷ್ಣದೇವರಾಯ ಮನೆಮನೆಗೆ ಬೆಕ್ಕು ಕೊಟ್ಟ, ಅದಕ್ಕೆ ಹಾಲಾಗಲೆಂದು ಹಸುವನ್ನೂ ಕೊಟ್ಟ, ಸ್ವಲ್ಪ ದಿನ ಬಿಟ್ಟು ಬೆಕ್ಕುಗಳನ್ನು ತರಿಸಿ ನೋಡಿದ. ಹಾಲನ್ನೆಲ್ಲ ತಾನೇ ಕುಡಿದು, ಬೆಕ್ಕಿಗೆ ಒಮ್ಮೆ ಕುದಿಯುವ ಹಾಲಿಟ್ಟು ಹಾಲು ಕಂಡರೆ ಓಡುವಂತೆ ಮಾಡಿದ್ದ ರಾಮಕೃಷ್ಣನ ಠಕ್ಕು ಹೊರಬಿದ್ದದ್ದು ಆ ಪರಿಶೀಲನೆಯಿಂದ. ನಾವು ನಕ್ಕು ಮರೆತ ಈ ಕಥೆಯಲ್ಲಿ ದತ್ತು ಕೊಡುವವರ ಮೂರೂ ನಿಯಮಗಳಿವೆ: ಕೊಟ್ಟವರ ಹೆಸರು, ಸಾಕುವ ಖರ್ಚಿನ ಏರ್ಪಾಡು, ಆಮೇಲೆ ಬಂದು ನೋಡುವ ಹಕ್ಕು. (ಹಾಲಿನ ವಿಷಯದಲ್ಲಿ ಮಾತ್ರ ರಾಯ ಎಡವಿದ. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಸುವಿನ ಹಾಲು ಒಗ್ಗುವುದಿಲ್ಲ, ಭೇದಿಯಾಗುತ್ತದೆ.)

ಋಣ ಹುಟ್ಟಿಸಬೇಕೆಂದರೆ ದುಡ್ಡೇ ಕೊಟ್ಟು ಅಂಗಡಿಯಲ್ಲಿ ಪರ್ಷಿಯನ್ ಮರಿ ಕೊಳ್ಳಬಹುದಲ್ಲ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಅಂಗಡಿಯಲ್ಲಿ ಹಣ ಎಣಿಸಿದಲ್ಲಿಗೆ ಸಂಬಂಧ ಮುಗಿಯುತ್ತದೆ, ಉಪ್ಪಿನ ಪೊಟ್ಟಣ ಕೈ ಬದಲಿಸಿದಲ್ಲಿ ಶುರುವಾಗುತ್ತದೆ. ಬೀದಿಯ, ನೆರೆಮನೆಯ, ಆಶ್ರಯಧಾಮದ ಮರಿಗಳು ಬೇಕಾದಷ್ಟಿರುವಾಗ ತಳಿಯ ಹೆಸರಿಗೆ ಸಾವಿರಾರು ರೂಪಾಯಿ ಸುರಿಯಲು ಕಾರಣವೂ ಇಲ್ಲ. ಹಾಗಾಗಿ ಮರಿ ತರುವವರಲ್ಲಿ ಒಂದು ವಿನಂತಿ. ಪ್ರಶ್ನೆ ಕೇಳುವವರ ಮೇಲೆ ರೇಗಬೇಡಿ. ಅವರು ಕೇಳದಿದ್ದರೆ ನೀವೇ ಕೇಳಿ ಬರೆದುಕೊಳ್ಳಿ. ಮರಿಗೆ 8 ವಾರ ತುಂಬಿದೆಯೇ, ಜಂತುಹುಳುವಿನ ಔಷಧ ಕೊಟ್ಟಿದ್ದಾರೆಯೇ, ಮೊದಲ ಲಸಿಕೆ ಯಾವಾಗ ಎಂದು ವಿಚಾರಿಸಿ. ಮುಚ್ಚಿದ ಬುಟ್ಟಿಯಲ್ಲಿ, ಹಳೆಯ ಮನೆಯ ಬಟ್ಟೆಯ ತುಂಡಿನೊಡನೆ ತನ್ನಿ. ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿಡಿ, ಮರಳಿನ ತಟ್ಟೆಯನ್ನು ಅದರ ಕಣ್ಣಿಗೆ ಬೀಳುವಂತಿಡಿ, ನಾಯಿಗೆ ಪರಿಚಯ ನಿಧಾನವಾಗಿ ಆಗಲಿ. ಬಾಲ್ಕನಿಗೆ ಬಲೆ ಮರಿ ಬರುವ ಮೊದಲೇ ಬೀಳಲಿ. ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ, ಲಿಲಿ ಹೂವಿನ ಪರಾಗವೂ ವಿಷ, ಇವೆರಡನ್ನೂ ಅದರ ಹತ್ತಿರ ಸುಳಿಯಗೊಡಬೇಡಿ. ಅಲೆಯಬಾರದೆಂದು ಯುವಾನ್ ಕಾಲದವರು ಛಡಿ ತೋರಿಸಿ ಹೆದರಿಸಿದರು. ಪಶುವೈದ್ಯರ ಶಸ್ತ್ರಚಿಕಿತ್ಸೆ ಆ ಕೆಲಸವನ್ನು ಬಹುಮಟ್ಟಿಗೆ ನೋವಿಲ್ಲದೆ ಮಾಡುತ್ತದೆ, ಗೋಣಿಚೀಲದ ಪಾಪವನ್ನೂ ತಪ್ಪಿಸುತ್ತದೆ. ಮರಿ ಕೊಟ್ಟ ಮನೆಗೆ ಒಂದು ಕೆಜಿ ಉಪ್ಪು ಒಯ್ದು ಕೊಟ್ಟರೂ ನಷ್ಟವಿಲ್ಲ, ಇಂದಿನ ಬೆಲೆಯಲ್ಲಿ ಅದಕ್ಕೆ ಇಪ್ಪತ್ತು ಮೂವತ್ತು ರೂಪಾಯಿ.